ಫೋನಿನ ದರ ಇಳಿಯುವುದೇಕೆ, ಏರುವುದೇಕೆ?



ಟೊಮೇಟೊ ಹೇರಿಕೊಂಡು ಮಂಡಿಗೆ ಹೋದ ದಿನ ಹರಾಜಿನಲ್ಲಿ ಐದು ಮಂದಿ ವ್ಯಾಪಾರಿಗಳು ನಿಂತಿದ್ದರೆ ಬಾಕ್ಸಿಗೆ ಒಂದು ಬೆಲೆ; ಒಬ್ಬನೇ ನಿಂತಿದ್ದರೆ ಬೇರೆಯೇ ಬೆಲೆ. ಇದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಐವರೂ ಹಿಂದಿನ ರಾತ್ರಿಯೇ ಮಾತಾಡಿಕೊಂಡು ಬಂದಿದ್ದರೆ ಐವರಿದ್ದರೂ ಒಬ್ಬನಿದ್ದಂತೆಯೇ ಎಂಬುದನ್ನೂ ನೀವು ಬಲ್ಲಿರಿ. ಬೆಲೆ ಸರಿಬಾರದಿದ್ದರೆ ಗಾಡಿ ತಿರುಗಿಸಿ ಇನ್ನೊಂದು ಮಂಡಿಗೆ ಹೋಗುವ ಶಕ್ತಿ ಯಾರಿಗಿದೆಯೋ ಅವನಿಗೇ ಒಳ್ಳೆಯ ಬೆಲೆ ಸಿಕ್ಕುತ್ತದೆ.

ಮಾರುವಾಗ ನಮಗೆ ಚೆನ್ನಾಗಿ ತಿಳಿದಿರುವ ಈ ಲೆಕ್ಕವನ್ನು ಕೊಳ್ಳುವಾಗ ನಾವು ಮರೆಯುತ್ತೇವೆ. ಇಂದು ಸಿಂಗಸಂದ್ರದಿಂದ ಆನೇಕಲ್, ಸರ್ಜಾಪುರದವರೆಗೆ ಯಾವ ಹಳ್ಳಿಗೆ ಹೋದರೂ ಮೊಬೈಲ್ ಫೋನಿಲ್ಲದ ಮನೆ ಅಪರೂಪ. ಗೊಬ್ಬರಕ್ಕೆ, ಬಿತ್ತನೆ ಬೀಜಕ್ಕೆ ಖರ್ಚು ಬರೆದಿಡುವ ಮನೆಯಲ್ಲಿಯೂ ಫೋನಿನ ರೀಚಾರ್ಜಿಗೆ ವರ್ಷಕ್ಕೆ ಎಷ್ಟು ಹೋಯಿತೆಂದು ಬರೆದಿಡುವವರು ಕಡಿಮೆ. ಈ ಹಣ ಹೆಚ್ಚುವುದಕ್ಕೂ ಕಡಿಮೆಯಾಗುವುದಕ್ಕೂ ಕಾರಣವೇನು, ಹೊಸ ಹೊಸ ಯಂತ್ರಗಳು ಹಳ್ಳಿಗೆ ಯಾವಾಗ ಬರುತ್ತವೆ, ಇದರಲ್ಲಿ ರೈತನ ಕೈಯಲ್ಲಿರುವುದೇನು ಎಂಬುದನ್ನು ಇಲ್ಲಿ ವಿವರಿಸಿದೆ.

ಒಬ್ಬನೇ ಮಾರುತ್ತಿದ್ದ ಕಾಲ

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಐ.ಟಿ.ಐ. ಎಂಬ ಸರ್ಕಾರಿ ದೂರವಾಣಿ ಕಾರ್ಖಾನೆ ಸ್ಥಾಪಿತವಾಯಿತು. ಅದು ನೆಲೆಸಿದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ದೇಶದಲ್ಲಿ ಫೋನಿನ ಸಂಪರ್ಕ ಕೊಡುತ್ತಿದ್ದುದು ಸರ್ಕಾರದ ಇಲಾಖೆ ಒಂದೇ. ಅರ್ಜಿ ಹಾಕಿದವನು ಹಲವು ವರ್ಷ ಕಾಯಬೇಕಾಗುತ್ತಿತ್ತು. 1994ರಲ್ಲಿ ಸರ್ಕಾರವು ದೂರಸಂಪರ್ಕ ನೀತಿಯನ್ನು ಪ್ರಕಟಿಸಿದಾಗ ದೇಶದಲ್ಲಿ ನೂರು ಜನರಿಗೆ ಒಂದು ಫೋನೂ ಇರಲಿಲ್ಲ.

ಆ ಕಾಲದಲ್ಲಿ ಒಳ್ಳೆಯ ಕೆಲಸವೇ ನಡೆಯಲಿಲ್ಲವೆಂದು ತಿಳಿಯಬಾರದು. ಸರ್ಕಾರದ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್, ಹಳ್ಳಿಗೆಂದೇ 128 ಸಂಪರ್ಕಗಳ ಸಣ್ಣ ವಿನಿಮಯ ಕೇಂದ್ರವನ್ನು ರೂಪಿಸಿತು. ಧೂಳು, ಬಿಸಿಲನ್ನು ತಡೆದುಕೊಂಡು, ತಂಪಿನ ಯಂತ್ರವಿಲ್ಲದೆ ನಡೆಯುವಂಥದು ಅದು. ಅದರಲ್ಲಿ ಮೊದಲನೆಯದನ್ನು ನೆಟ್ಟದ್ದು ನಮ್ಮ ಕಿತ್ತೂರಿನಲ್ಲಿ, 1986ರ ಜುಲೈ ತಿಂಗಳಲ್ಲಿ. ಬುದ್ಧಿವಂತ ಎಂಜಿನಿಯರುಗಳಿಗೆ ಕೊರತೆಯಿರಲಿಲ್ಲ. ಗಿರಾಕಿಯನ್ನು ಕಾಯಿಸಿದರೆ ನಷ್ಟವಾಗುತ್ತದೆಂಬ ಭಯವೊಂದು ಇಲಾಖೆಗಿರಲಿಲ್ಲ. ಗಿರಾಕಿ ಹೋಗುವುದಾದರೂ ಎಲ್ಲಿಗೆ?

ಇಬ್ಬರು ಬಂದರೂ ದರ ಇಳಿಯಲಿಲ್ಲ

1995ರಲ್ಲಿ ದೇಶಕ್ಕೆ ಮೊಬೈಲ್ ಬಂದಿತು. ಖಾಸಗಿ ಕಂಪನಿಗಳಿಗೆ ಪರವಾನಗಿ ಕೊಟ್ಟರು. ಆದರೆ ಒಂದು ವಲಯಕ್ಕೆ ಇಬ್ಬರಿಗೆ ಮಾತ್ರ. ಕರ್ನಾಟಕದಲ್ಲಿ ಜೆ.ಟಿ. ಮೊಬೈಲ್ಸ್ ಮತ್ತು ಸ್ಪೈಸ್ ಎಂಬ ಎರಡು ಕಂಪನಿಗಳು ಬಂದವು. ಮುಂದೆ ಮೊದಲನೆಯದು ಏರ್‌ಟೆಲ್ ಕೈಗೂ, ಎರಡನೆಯದು 2008ರಲ್ಲಿ ಐಡಿಯಾ ಕೈಗೂ ಸೇರಿದವು. ಆರಂಭದ ದಿನಗಳಲ್ಲಿ ದೇಶದಲ್ಲಿ ಮಾತಿನ ದರ ನಿಮಿಷಕ್ಕೆ 16 ರೂಪಾಯಿಯವರೆಗೂ ಇತ್ತು. ಬಂದ ಕರೆಗೂ ಹಣ ಕೊಡಬೇಕಿತ್ತು. ಕಂಪನಿಗಳು ಸರ್ಕಾರಕ್ಕೆ ಕಟ್ಟಬೇಕಾಗಿದ್ದ ಪರವಾನಗಿ ಶುಲ್ಕ ಭಾರವಾಗಿತ್ತೆಂಬುದು ನಿಜ. ಆದರೆ ಎರಡೇ ಅಂಗಡಿಯಿರುವ ಊರಿನಲ್ಲಿ ಇಬ್ಬರಿಗೂ ದರ ಇಳಿಸುವ ಅವಸರ ಇರುವುದಿಲ್ಲ ಎಂಬುದೂ ಅಷ್ಟೇ ನಿಜ.

ಇಂಥ ದುಬಾರಿ ಕಾಲದಲ್ಲಿಯೂ ಫೋನು ದುಡಿಯುವವನಿಗೆ ಏನು ಮಾಡಬಲ್ಲದೆಂಬುದಕ್ಕೆ ನೆರೆಯ ಕೇರಳದಲ್ಲಿ ಒಂದು ಉದಾಹರಣೆ ಇದೆ. 1997ರಿಂದ 2001ರ ನಡುವೆ ಅಲ್ಲಿಯ ಕರಾವಳಿಗೆ ಮೊಬೈಲ್ ಬಂದಿತು. ಅದಕ್ಕೆ ಮೊದಲು ದೋಣಿಯವರು ತಮ್ಮ ಊರಿನ ದಡಕ್ಕೇ ಬಂದು ಮಾರುತ್ತಿದ್ದರು. ಒಂದು ದಡದಲ್ಲಿ ಮೀನು ಹೆಚ್ಚಾಗಿ ಸಮುದ್ರಕ್ಕೆ ಚೆಲ್ಲುವಾಗ, ಕೆಲವೇ ಮೈಲಿ ದೂರದ ದಡದಲ್ಲಿ ಕೊಳ್ಳುವವರಿಗೆ ಮೀನಿರುತ್ತಿರಲಿಲ್ಲ. ಫೋನು ಬಂದಮೇಲೆ ದೋಣಿಯಿಂದಲೇ ವಿಚಾರಿಸಿ, ಬೇಡಿಕೆ ಇರುವ ದಡಕ್ಕೆ ಹೋಗತೊಡಗಿದರು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಮೀನುಗಾರರ ಲಾಭ ಸರಾಸರಿ ನೂರಕ್ಕೆ 8ರಷ್ಟು ಹೆಚ್ಚಿತು, ತಿನ್ನುವವರು ಕೊಡುವ ಬೆಲೆ ನೂರಕ್ಕೆ 4ರಷ್ಟು ಇಳಿಯಿತು, ಚೆಲ್ಲುವುದು ನಿಂತಿತು. ತರಕಾರಿ, ಹೂವು ಬೆಳೆಯುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನ ದರ ಎಟುಕುವಂತಿದ್ದರೆ ಎಲ್ಲ ರೈತರಿಗೂ ಈ ಲಾಭ. ಎಟುಕದಿದ್ದರೆ ಉಳ್ಳವರಿಗೆ ಮಾತ್ರ.

ಮೂರನೆಯವನು, ನಾಲ್ಕನೆಯವನು

1999ರ ಹೊಸ ನೀತಿಯಂತೆ ಕಂಪನಿಗಳು ನಿಗದಿ ಶುಲ್ಕದ ಬದಲು ಆದಾಯದಲ್ಲಿ ಪಾಲು ಕೊಟ್ಟರೆ ಸಾಕೆಂದಾಯಿತು. ಇನ್ನೂ ಹೆಚ್ಚು ಮಂದಿಗೆ ಬಾಗಿಲು ತೆರೆಯಿತು. 2002ರ ಅಕ್ಟೋಬರಿನಲ್ಲಿ ಸರ್ಕಾರದ ಬಿ.ಎಸ್.ಎನ್.ಎಲ್. ಮೊಬೈಲ್ ಸೇವೆಗೆ ಇಳಿಯಿತು. ಅದೇ ಡಿಸೆಂಬರಿನಲ್ಲಿ ರಿಲಯನ್ಸ್ ಕಂಪನಿಯು, ಸಿ.ಡಿ.ಎಂ.ಎ. ಎಂಬ ಬೇರೊಂದು ತಂತ್ರದ ಫೋನಿನೊಡನೆ, ತನ್ನ ಗಿರಾಕಿಗಳ ನಡುವಿನ ಮಾತಿಗೆ ನಿಮಿಷಕ್ಕೆ 40 ಪೈಸೆ ಎಂದು ಸಾರಿತು. ಮರುವರ್ಷ 501 ರೂಪಾಯಿ ಕಟ್ಟಿದವರ ಕೈಗೆ ಫೋನನ್ನೇ ಕೊಟ್ಟಿತು. 2003ರ ಮೇ ತಿಂಗಳಿಂದ ಬಂದ ಕರೆಗೆ ಹಣ ಕೊಡುವುದು ತಪ್ಪಿತು. 2006ರ ಮಾರ್ಚಿಯಲ್ಲಿ ಬಿ.ಎಸ್.ಎನ್.ಎಲ್. ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂಬ ಯೋಜನೆ ತಂದಿತು.

2009ರಲ್ಲಿ ಟಾಟಾ ಡೊಕೊಮೊ ಎಂಬ ಹೊಸ ಕಂಪನಿ ಬಂದು, ನಿಮಿಷದ ಲೆಕ್ಕ ಬಿಟ್ಟು ಸೆಕೆಂಡಿಗೆ 1 ಪೈಸೆ ಎಂದಿತು. ಇದರ ಫಲವನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ನಿಮಿಷಕ್ಕೆ 1 ರೂಪಾಯಿಯಿದ್ದಾಗ 65 ಸೆಕೆಂಡು ಮಾತಾಡಿದರೂ ಎರಡು ನಿಮಿಷವೆಂದು ಹಿಡಿದು 2 ರೂಪಾಯಿ ಕಡಿಯುತ್ತಿದ್ದರು. ಸೆಕೆಂಡಿನ ಲೆಕ್ಕದಲ್ಲಿ ಅದಕ್ಕೆ 65 ಪೈಸೆ. ಕೆಲವೇ ತಿಂಗಳಲ್ಲಿ ಉಳಿದ ಕಂಪನಿಗಳೂ ಇದೇ ದಾರಿ ಹಿಡಿದವು. ಸೆಕೆಂಡನ್ನು ಎಣಿಸುವ ಯಂತ್ರ ಅವರಲ್ಲಿ ಮೊದಲು ಇರಲಿಲ್ಲವೇ? ಇತ್ತು. ಎಣಿಸಲೇಬೇಕೆಂಬ ಒತ್ತಾಯ ಇರಲಿಲ್ಲ.

2011ರ ಜನವರಿ 20ರಂದು ಇನ್ನೊಂದು ದೊಡ್ಡ ಅನುಕೂಲ ದೇಶಕ್ಕೆಲ್ಲ ಒದಗಿತು. ಅಂದಿನಿಂದ ಗಿರಾಕಿಯು ತನ್ನ ನಂಬರನ್ನು ಹಾಗೆಯೇ ಉಳಿಸಿಕೊಂಡು ಕಂಪನಿ ಬದಲಾಯಿಸಬಹುದು. ಹತ್ತು ವರ್ಷ ಎಲ್ಲರಿಗೂ ಕೊಟ್ಟ ನಂಬರು ಹೋಗುತ್ತದೆಂಬ ಅಳುಕಿನಿಂದ ಸೇವೆ ಕೆಟ್ಟರೂ ಸಹಿಸಿಕೊಂಡಿದ್ದವರಿಗೆ ಆ ಹಗ್ಗ ಬಿಚ್ಚಿತು.

ಹೊಸ ಯಂತ್ರ ಹಳ್ಳಿಗೆ ಬರುವ ಬಗೆ

ಹೊಸದನ್ನು ಮೊದಲು ತರುವವನು ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿ ಹಿಂದೆ ಬಂದವನು. ಮುಂದಿರುವವನಿಗೆ ಹಳೆಯ ಯಂತ್ರವೇ ಹಣ ತರುತ್ತಿರುತ್ತದೆ. ಹಿಂದೆ ಬಂದವನಿಗೆ ಹೊಸದನ್ನು ತೋರಿಸದೆ ಗಿರಾಕಿ ಸಿಕ್ಕುವುದಿಲ್ಲ.

ಫೋನಿನ ಉಪಕರಣದಲ್ಲಿಯೇ ಇದನ್ನು ಕಾಣಬಹುದು. ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಫೋನೆಂದರೆ ನೋಕಿಯಾ. ಗಟ್ಟಿ ಫೋನು, ಆದರೆ ಎರಡು ಸಿಮ್ ಹಾಕುವ ಫೋನನ್ನು ತರಲು ಆ ಕಂಪನಿ ತಡಮಾಡಿತು. ಮೈಕ್ರೋಮ್ಯಾಕ್ಸ್‌ನಂಥ ಹೊಸಬರು ಎರಡು ಸಿಮ್ಮಿನ ಫೋನನ್ನೂ, ಕರೆಂಟಿಲ್ಲದ ಊರಿಗೆಂದು ಬಹುದಿನ ನಿಲ್ಲುವ ಬ್ಯಾಟರಿಯನ್ನೂ ಅಗ್ಗಕ್ಕೆ ತಂದು ಗಿರಾಕಿಗಳನ್ನು ಸೆಳೆದುಕೊಂಡರು. ಎರಡು ಸಿಮ್ಮಿನ ಫೋನು ಮಂಡಿಗೆ ಎರಡು ದಾರಿ ಇದ್ದಂತೆ. ಒಂದು ಕಂಪನಿಯ ದರ ಏರಿದ ದಿನವೇ ಇನ್ನೊಂದರಲ್ಲಿ ಮಾತಾಡಬಹುದು. ಆಮೇಲೆ ಆ ಹೊಸಬರನ್ನೂ ಚೀನಾದ ಕಂಪನಿಗಳು ಹಿಂದೆ ಹಾಕಿದವು. ಫೋನು ತಯಾರಿಸುವವರೂ ನಮ್ಮ ಹತ್ತಿರಕ್ಕೆ ಬಂದರು: 2017ರಲ್ಲಿ ಆಪಲ್ ಕಂಪನಿಯ ಫೋನನ್ನು ಭಾರತದಲ್ಲಿ ಮೊದಲು ಜೋಡಿಸಿದ್ದು ನಮ್ಮ ಪೀಣ್ಯದಲ್ಲಿ.

ಇಂಟರ್‌ನೆಟ್ಟಿನ ಕಥೆಯೂ ಹಾಗೆಯೇ. 4ಜಿ ಎಂಬ ವೇಗದ ಸಂಪರ್ಕ ಕೋಲ್ಕತ್ತದ ನಂತರ ಬೆಂಗಳೂರಿಗೇ ಬಂದಿತು, 2012ರ ಮೇ ತಿಂಗಳಲ್ಲಿ, ಏರ್‌ಟೆಲ್ ಮೂಲಕ. ಆದರೆ ನಾಲ್ಕು ವರ್ಷ ಕಳೆದರೂ 1 ಜಿ.ಬಿ.ಗೆ ಸುಮಾರು 250 ರೂಪಾಯಿ ಬೆಲೆಯಿತ್ತು. ಹಳ್ಳಿಯ ರೈತ ಅದನ್ನು ಮುಟ್ಟುವಂತಿರಲಿಲ್ಲ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಿತು. ಹಳೆಯ 2ಜಿ, 3ಜಿ ಯಂತ್ರಗಳನ್ನು ಇಡದೆ 4ಜಿಯೊಂದನ್ನೇ ಕಟ್ಟಿ, 2017ರ ಮಾರ್ಚಿಯವರೆಗೆ ಬಿಟ್ಟಿಯಾಗಿ ಹಂಚಿತು. ಆರು ತಿಂಗಳಿಗೂ ಮೊದಲೇ 10 ಕೋಟಿ ಮಂದಿ ಸೇರಿದರು. ಆಮೇಲೆ ಇಟ್ಟ ದರ 28 ದಿನಕ್ಕೆ 28 ಜಿ.ಬಿ.ಗೆ 303 ರೂಪಾಯಿ, ಎಂದರೆ ಜಿ.ಬಿ.ಗೆ 11 ರೂಪಾಯಿಗಿಂತ ಕಡಿಮೆ. ಉಳಿದ ಕಂಪನಿಗಳೂ ದರ ಇಳಿಸಿ, 4ಜಿ ಕಂಬಗಳನ್ನು ಅವಸರದಿಂದ ನೆಡತೊಡಗಿದವು. ನಾಲ್ಕು ವರ್ಷ ನಗರದಲ್ಲಿ ಕುಳಿತಿದ್ದ ಯಂತ್ರವನ್ನು ಹಳ್ಳಿಗೆ ದೂಡಿದ್ದು ಈ ಪೈಪೋಟಿ.

ಅಗ್ಗದ ಬೆನ್ನಿಗೆ ಬಂದ ಏರಿಕೆ

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಅತಿಯಾಗಿ ಅಗ್ಗಕ್ಕೆ ಮಾರುವ ಪೈಪೋಟಿಯಲ್ಲಿ ಬಲವಿಲ್ಲದವರು ಅಂಗಡಿ ಮುಚ್ಚುತ್ತಾರೆ. 2012ರಲ್ಲಿಯೇ ಸುಪ್ರೀಂ ಕೋರ್ಟು 122 ಪರವಾನಗಿಗಳನ್ನು ರದ್ದುಮಾಡಿದ್ದರಿಂದ ಕೆಲವರು ಹೋಗಿದ್ದರು. ಜಿಯೋ ಬಂದಮೇಲೆ ಹಳೆಯ ರಿಲಯನ್ಸ್ ಮೊಬೈಲು 2017ರ ಕೊನೆಗೆ ನಿಂತಿತು. 2018ರಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಅದೇ ಆಗಸ್ಟಿನಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. 2019ರಲ್ಲಿ ಟಾಟಾ ಗಿರಾಕಿಗಳು ಏರ್‌ಟೆಲ್ ಪಾಲಾದರು. ಒಂದು ಕಾಲಕ್ಕೆ ಹತ್ತಕ್ಕೂ ಮೀರಿ ಕಂಪನಿಗಳಿದ್ದ ಕಡೆ ಮೂರು ಖಾಸಗಿ ಕಂಪನಿಗಳೂ ಬಿ.ಎಸ್.ಎನ್.ಎಲ್. ಒಂದೂ ಉಳಿದವು.

ಮುಂದೆ ನಡೆದುದನ್ನು ಒಂದೇ ಯೋಜನೆಯ ದರದಿಂದ ನೋಡಿ. ದಿನಕ್ಕೆ ಒಂದೂವರೆ ಜಿ.ಬಿ., 28 ದಿನ, ಮಾತು ಬಿಟ್ಟಿ ಎಂಬ ಜಿಯೋ ಯೋಜನೆ 2018ರಲ್ಲಿ 149 ರೂಪಾಯಿ. 2019ರ ಡಿಸೆಂಬರಿನಲ್ಲಿ 199. 2021ರ ಡಿಸೆಂಬರಿನಲ್ಲಿ 239. 2024ರ ಜುಲೈಯಲ್ಲಿ 299. ಈ ಮೂರು ಸಲವೂ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕೂಡ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ದರ ಏರಿಸಿದವು.

28 ದಿನದ ಯೋಜನೆಯಾದುದರಿಂದ ವರ್ಷಕ್ಕೆ 13 ಸಲ ಹಣ ಕಟ್ಟಬೇಕು, 12 ಸಲವಲ್ಲ. ಮನೆಯಲ್ಲಿ ಮೂರು ಫೋನಿದ್ದರೆ 2018ರಲ್ಲಿ ವರ್ಷಕ್ಕೆ 5,811 ರೂಪಾಯಿ. 2024ರ ದರದಲ್ಲಿ 11,661 ರೂಪಾಯಿ. ಇದನ್ನು ರಾಗಿಯಲ್ಲಿ ಅಳೆಯೋಣ. 2018-19ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 2,897 ರೂಪಾಯಿ. 2024-25ರಲ್ಲಿ 4,290 ರೂಪಾಯಿ. ಅಂದು ಮೂರು ಫೋನಿಗೆ ಎರಡು ಕ್ವಿಂಟಾಲ್ ರಾಗಿ ಸಾಕಾಗಿತ್ತು. 2024ರಲ್ಲಿ ಎರಡೂಮುಕ್ಕಾಲು ಕ್ವಿಂಟಾಲ್ ಬೇಕಾಯಿತು. ರಾಗಿಯ ಬೆಲೆ ಏರಿದರೂ ಫೋನಿನ ದರ ಅದಕ್ಕಿಂತ ಬೇಗ ಏರಿತು.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. 299 ರೂಪಾಯಿಯಾದರೂ ಜಿ.ಬಿ.ಗೆ ಬೀಳುವುದು 7 ರೂಪಾಯಿಯ ಸುಮಾರು. 2016ರ ಮೊದಲಿನ 250 ರೂಪಾಯಿಗೆ ಇದನ್ನು ಹೋಲಿಸಲಾಗದು. ಕಂಪನಿ ನಷ್ಟದಲ್ಲಿಯೇ ನಡೆದರೆ ಹೊಸ ಕಂಬ ನೆಡುವುದಕ್ಕೆ ಹಣವಿರುವುದಿಲ್ಲವೆಂಬುದೂ ಸರಿ. ಆದರೆ ಕರೆ ಬಂದರೆ ಎತ್ತಿ ಮಾತಾಡುವುದನ್ನು ಬಿಟ್ಟು ಇನ್ನೇನನ್ನೂ ಬಳಸದ ಮನೆಯ ಹಿರಿಯರಿಗೆ ತಿಂಗಳಿಗೆ 42 ಜಿ.ಬಿ. ಏತಕ್ಕೆ? ಬೇಡದ ಸರಕನ್ನು ಬೇಕಾದುದರ ಜೊತೆ ಕಟ್ಟಿ ಮಾರುವುದು ಅಂಗಡಿಗಳು ಕಡಿಮೆಯಾದಾಗಲೇ ಸುಲಭ.

5ಜಿ ವಿಚಾರದಲ್ಲಿಯೂ ಹೀಗೆಯೇ ಆಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದಾಗ ಗಿರಾಕಿಗಳನ್ನು ಹಿಡಿಯುವ ಆತುರದಲ್ಲಿ ಜಿಯೋ, ಏರ್‌ಟೆಲ್ ಎರಡೂ 4ಜಿ ದರಕ್ಕೇ ಅದನ್ನು ಕೊಟ್ಟವು. 2024ರ ಜುಲೈಯಿಂದ ಮಿತಿಯಿಲ್ಲದ 5ಜಿ ಬೇಕಾದವರು ದಿನಕ್ಕೆ 2 ಜಿ.ಬಿ. ಅಥವಾ ಅದಕ್ಕೂ ಮೇಲಿನ ಯೋಜನೆಯನ್ನು ಕೊಳ್ಳಬೇಕಾಯಿತು.

ಗಿರಾಕಿ ಎದ್ದು ಹೊರಟಾಗ

2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದವು, ಬಿ.ಎಸ್.ಎನ್.ಎಲ್. ಏರಿಸಲಿಲ್ಲ. ಆ ಒಂದೇ ತಿಂಗಳಲ್ಲಿ ಬಿ.ಎಸ್.ಎನ್.ಎಲ್.ಗೆ ಸುಮಾರು 29 ಲಕ್ಷ ಗಿರಾಕಿಗಳು ಹೆಚ್ಚಿದರು. ಮೂರು ಖಾಸಗಿ ಕಂಪನಿಗಳೂ ಗಿರಾಕಿಗಳನ್ನು ಕಳೆದುಕೊಂಡವು. ಆದರೆ ಕೆಲವು ತಿಂಗಳು ಕಳೆಯುವುದರೊಳಗೆ ಪ್ರವಾಹ ಹಿಂದಕ್ಕೆ ತಿರುಗಿ, ಬಿ.ಎಸ್.ಎನ್.ಎಲ್. ಮತ್ತೆ ಗಿರಾಕಿಗಳನ್ನು ಕಳೆದುಕೊಳ್ಳತೊಡಗಿತು. ಆಗ ಅದಕ್ಕೆ ದೇಶವ್ಯಾಪಿಯಾದ 4ಜಿ ಇರಲಿಲ್ಲ. ದರ ಕಡಿಮೆಯಿದ್ದರೂ ಸಂಪರ್ಕ ನಿಧಾನವಾದರೆ ಗಿರಾಕಿ ನಿಲ್ಲುವುದಿಲ್ಲ. ಅಗ್ಗದ ಅಂಗಡಿಯಲ್ಲಿ ಸರಕೂ ಇರಬೇಕು.

ಈ ಕೊರತೆಯನ್ನು ತುಂಬುವ ಕೆಲಸದಲ್ಲಿ ನಮ್ಮ ನೆರೆಯೂ ಪಾಲು ಪಡೆದಿದೆ. 2025ರ ಸೆಪ್ಟೆಂಬರ್ 27ರಂದು ಬಿ.ಎಸ್.ಎನ್.ಎಲ್. 90 ಸಾವಿರಕ್ಕೂ ಹೆಚ್ಚು ಕಂಬಗಳೊಡನೆ ದೇಶದಲ್ಲಿಯೇ ತಯಾರಾದ 4ಜಿ ಸೇವೆಯನ್ನು ಉದ್ಘಾಟಿಸಿತು. ಅದರ ಒಳಗಿನ ತಂತ್ರವನ್ನು, ಹಿಂದೆ ಕಿತ್ತೂರಿಗೆ ವಿನಿಮಯ ಕೇಂದ್ರ ಕೊಟ್ಟ ಅದೇ ಸಿ-ಡಾಟ್ ರೂಪಿಸಿತು. ಕಂಬದ ಮೇಲಿನ ರೇಡಿಯೋ ಉಪಕರಣಗಳನ್ನು ಒದಗಿಸಿದ ತೇಜಸ್ ನೆಟ್‌ವರ್ಕ್ಸ್ ಕಂಪನಿಯ ಕಚೇರಿ ಸಿಂಗಸಂದ್ರದಿಂದ ಸ್ವಲ್ಪವೇ ಮುಂದೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಈ ನಾಲ್ಕನೆಯ ಅಂಗಡಿ ಚೆನ್ನಾಗಿ ನಡೆದರೆ ಅದರ ಗಿರಾಕಿಗಳಿಗಷ್ಟೇ ಲಾಭವಲ್ಲ. ಉಳಿದ ಮೂರು ಅಂಗಡಿಗಳ ಗಿರಾಕಿಗಳಿಗೂ ಲಾಭ.

ನಿಮ್ಮ ಹೊಲದಲ್ಲಿ ಎಷ್ಟು ಮಂದಿ?

ದೇಶದಲ್ಲಿ ನಾಲ್ಕು ಕಂಪನಿಗಳಿವೆ ಎಂದರೆ ನಿಮಗೆ ನಾಲ್ಕಿವೆ ಎಂದಲ್ಲ. ಹೊಸೂರು ರಸ್ತೆಯ ಉದ್ದಕ್ಕೂ ಜನ ದಟ್ಟವಾಗಿರುವುದರಿಂದ ಕಂಪನಿಗಳು ಅಲ್ಲಿ ಕಂಬ ನೆಡಲು ಮುಂದೆ ಬರುತ್ತವೆ. ಒಳಗಿನ ಹಳ್ಳಿಯ ಪಂಪುಸೆಟ್ಟಿನ ಬಳಿ ಒಂದೇ ಕಂಪನಿಯ ಸಿಗ್ನಲ್ ಸಿಕ್ಕುವುದಾದರೆ, ದೆಹಲಿಯಲ್ಲಿ ಎಷ್ಟು ಕಂಪನಿಗಳಿದ್ದರೂ ನೀವು ಒಬ್ಬನೇ ವ್ಯಾಪಾರಿಯಿರುವ ಮಂಡಿಯಲ್ಲಿ ನಿಂತಂತೆಯೇ. ಆದುದರಿಂದ ಪೈಪೋಟಿಯನ್ನು ನಿಮ್ಮ ಹೊಲದಲ್ಲಿ ನಿಂತು ಎಣಿಸಬೇಕು. ಇದಕ್ಕೆ ಕೆಲವು ಸಲಹೆಗಳು:

1. ಒಂದು ಸಂಜೆ ನಾಲ್ಕೂ ಕಂಪನಿಗಳ ಸಿಮ್ ಇರುವ ನೆರೆಹೊರೆಯವರು ಸೇರಿ, ಮನೆ, ಹೊಲ, ಹಾಲಿನ ಡೇರಿ ಈ ಮೂರು ಕಡೆಗಳಲ್ಲಿ ಯಾವುದು ಸಿಕ್ಕುತ್ತದೆಂದು ನೋಡಿ ಬರೆದಿಡಿ.

2. ಸಾಧ್ಯವಿದ್ದರೆ ಎರಡು ಸಿಮ್ಮಿನ ಫೋನನ್ನೇ ಕೊಳ್ಳಿರಿ. ಒಂದೇ ಕಂಪನಿಯ ಸಿಮ್ಮಿಗೆ ಮಾತ್ರ ನಡೆಯುವ ಫೋನು ಅಗ್ಗವಾಗಿರಬಹುದು. ಆದರೆ ಕಂಪನಿ ಬದಲಾಯಿಸಬೇಕಾದರೆ ಫೋನನ್ನೂ ಬದಲಾಯಿಸಬೇಕು. ಹಳೆಯ 2ಜಿ ಕೀಪ್ಯಾಡ್ ಫೋನು ಜಿಯೋ ಜಾಲದಲ್ಲಿ ನಡೆಯುವುದಿಲ್ಲವೆಂಬುದನ್ನೂ ನೆನಪಿಡಿ.

3. ಮಾತಿಗೆ ಮಾತ್ರ ಫೋನು ಬಳಸುವವರು ಇಂಟರ್‌ನೆಟ್ ಇಲ್ಲದ, ಮಾತು ಮತ್ತು ಸಂದೇಶದ ಯೋಜನೆಯನ್ನು ಕೇಳಿ ಪಡೆಯಿರಿ. ಇಂಥ ಯೋಜನೆಯನ್ನು ಪ್ರತಿ ಕಂಪನಿಯೂ ಇಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿದೆ. ಅಂಗಡಿಯವನು ತಾನಾಗಿ ಹೇಳದೆ ಇರಬಹುದು.

4. 28 ದಿನದ ಯೋಜನೆಯ ದರವನ್ನು 13ರಿಂದ ಗುಣಿಸಿ, ವರ್ಷದ ಯೋಜನೆಯೊಡನೆ ಹೋಲಿಸಿ ನೋಡಿ. 30 ದಿನ ನಡೆಯುವ ಯೋಜನೆಯೊಂದನ್ನಾದರೂ ಪ್ರತಿ ಕಂಪನಿ ಕೊಡಬೇಕೆಂಬ ನಿಯಮ 2022ರಲ್ಲಿ ಬಂದಿದೆ.

5. ಸೇವೆ ಸರಿಯಿಲ್ಲದಿದ್ದರೆ ನಂಬರನ್ನು ಉಳಿಸಿಕೊಂಡು ಬದಲಾಯಿಸಿ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ನಿಮ್ಮ ನಂಬರು ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿ. ಎಂಟು ಅಕ್ಷರಗಳ ಸಂಕೇತವೊಂದು ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ನಾಲ್ಕು ದಿನ ಮಾತ್ರ ನಡೆಯುತ್ತದೆ. ಅದರೊಡನೆ ಗುರುತಿನ ದಾಖಲೆ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಹಳೆಯ ರೀಚಾರ್ಜಿನಲ್ಲಿ ಉಳಿದ ಹಣ ಹೊಸ ಕಂಪನಿಗೆ ಬರುವುದಿಲ್ಲ; ಆದುದರಿಂದ ಯೋಜನೆ ಮುಗಿಯುವ ಹೊತ್ತಿಗೆ ಬದಲಾಯಿಸುವುದು ಮೇಲು. ಈ ಸಂಕೇತವನ್ನು ಫೋನಿನಲ್ಲಿ ಕೇಳುವ ಅಪರಿಚಿತರಿಗೆ ಎಂದಿಗೂ ಹೇಳಬೇಡಿ.

6. ಊರಿನಲ್ಲಿ ಒಂದೇ ಕಂಪನಿ ಸಿಕ್ಕುವುದಾದರೆ, ಗ್ರಾಮ ಪಂಚಾಯಿತಿಯ ಸಭೆಯಲ್ಲಿ ವಿಷಯವನ್ನು ಎತ್ತಿ, ಎಷ್ಟು ಮನೆಗಳಿವೆ, ಎಷ್ಟು ಫೋನುಗಳಿವೆ ಎಂಬ ಪಟ್ಟಿಯೊಡನೆ ಬೇರೆ ಕಂಪನಿಗಳಿಗೆ ಬರೆಯಿರಿ. ಗಿರಾಕಿಗಳು ಎಷ್ಟಿದ್ದಾರೆಂದು ತಿಳಿದರೆ ಕಂಬ ನೆಡುವ ಮನಸ್ಸಾಗುತ್ತದೆ.

ದರ ಇಳಿಸಿರೆಂದು ಒಬ್ಬ ರೈತ ಕಂಪನಿಗೆ ಹೇಳಿದರೆ ಅದು ಕೇಳಿಸುವುದಿಲ್ಲ. ಒಂದು ಊರಿನ ಇನ್ನೂರು ಮಂದಿ ಒಂದೇ ತಿಂಗಳಲ್ಲಿ ಬೇರೆ ಅಂಗಡಿಗೆ ನಡೆದರೆ ಹೇಳದೆಯೂ ಕೇಳಿಸುತ್ತದೆ. ಮೇಲಿನ ಸಲಹೆಗಳನ್ನು ಹಾಲು ಉತ್ಪಾದಕರ ಸಂಘದಲ್ಲಿ, ಸ್ತ್ರೀಶಕ್ತಿ ಗುಂಪಿನಲ್ಲಿ ಓದಿ ಹೇಳಿ. ಮನೆಯ ಮಕ್ಕಳಿಂದ ಈ ವರ್ಷದ ರೀಚಾರ್ಜಿನ ಲೆಕ್ಕ ಬರೆಸಿ, ಅದನ್ನು ರಾಗಿಯಲ್ಲಿ ಅಳೆದು ನೋಡಿ. ಮುಂದಿನ ಸಲ ಹಣ ಕಟ್ಟುವ ಮುಂಚೆ ಏನು ಮಾಡಬೇಕೆಂಬುದು ಆ ಲೆಕ್ಕದಿಂದಲೇ ನಿಮಗೆ ತಿಳಿಯುತ್ತದೆ.